ದುಡಿಸಿ ನೋಡಿದ ಹೃದಯ

ಕುಂದವಾಡ ಕೆರೆ ಏರಿಯ ಮೇಲೆ ಬೆಳಿಗ್ಗೆ ವಾಕಿಂಗ್ ಬರುವವರ ಮಾತಿಗೆ ಕಿವಿಗೊಟ್ಟರೆ ಗೊತ್ತಾಗುತ್ತದೆ, ದಾವಣಗೆರೆಯಲ್ಲಿ ಟಿಎಂಟಿಗೂ, ಅಂದರೆ ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯ ನೋಡುವ ಪರೀಕ್ಷೆಗೂ, ಪಾಸು-ಫೇಲು ಉಂಟು. "ನಮ್ಮನೆಯೋರ್ದು ಟಿಎಂಟಿ ಪಾಸಾತು, ಇನ್ನೈದು ವರ್ಷ ಚಿಂತಿಲ್ಲ" ಅಂತ ಒಬ್ಬರು. "ಅವರ್ದು ಫೇಲ್ ಬಂತಂತೆ, ರಾತ್ರೋರಾತ್ರಿ ಬೆಂಗಳೂರಿಗೆ ಕರ್ಕೊಂಡು ಹೋದ್ರಂತೆ" ಅಂತ ಇನ್ನೊಬ್ಬರು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡ ಮೇಲೆ ಈ ಮಾತು ಹೆಚ್ಚಾಯಿತು. 2025ರ ಜೂನ್-ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ಒಂದರ ಹಿಂದೆ ಒಂದು ಬಂದಾಗ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಾಗುವ ಮೊದಲೇ ಜನ ಸಾಲು ಹಚ್ಚಿದ್ದನ್ನು ಟೀವಿಯಲ್ಲಿ ಎಲ್ಲರೂ ನೋಡಿದ್ದೇವೆ. ಆ ಭಯವನ್ನು ನಾನು ಹಗುರವಾಗಿ ಕಾಣಲಾರೆ. ನಮ್ಮ ಮನೆಯಲ್ಲೂ ಆ ಭಯ ಬಂದು ಕೂತಿತ್ತು.

ನಾನು ಡಾಕ್ಟರಲ್ಲ, ಪಿಯು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವಳು. ಆದರೆ ನಮ್ಮ ಮನೆಯ ಇಬ್ಬರು ಒಂದೇ ವರ್ಷದಲ್ಲಿ ಹೃದಯವನ್ನು ದುಡಿಸಿ ನೋಡುವ ಈ ಪರೀಕ್ಷೆಗೆ ಹೋಗಿ ಬಂದರು. ಚಿಕ್ಕಪ್ಪನಿಗೆ ಅದು ಬೇಕಿರಲಿಲ್ಲ, ಆಯಿತು. ಸೋದರತ್ತೆಗೆ ಎಂದೋ ಆಗಬೇಕಿತ್ತು, ಯಾರೂ ಮಾಡಿಸಿರಲಿಲ್ಲ. ಇಬ್ಬರ ಜೊತೆಗೂ ಓಡಾಡಿದವಳಾಗಿ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಇಷ್ಟು: ಯಂತ್ರ ಹೇಳುವ ಉತ್ತರಕ್ಕೆ ಅರ್ಥ ಬರುವುದು ಯಂತ್ರದ ಮೇಲೆ ನಿಂತವರು ಯಾರು, ಅವರಿಗೆ ಏನಾಗುತ್ತಿದೆ ಅಂತ ಮೊದಲೇ ಯಾರಾದರೂ ಕೂತು ಕೇಳಿದ್ದರೆ ಮಾತ್ರ.

ಹೃದಯವನ್ನು ದುಡಿಸಿಯೇ ಯಾಕೆ ನೋಡಬೇಕು? ಸುಮ್ಮನಿದ್ದಾಗ ಅದರ ತೊಂದರೆ ಕಾಣುವುದಿಲ್ಲ, ಅದಕ್ಕೆ. ಕೈಕಾಲಿನ ಸ್ನಾಯುಗಳು ವಿಶ್ರಾಂತಿಯಲ್ಲಿದ್ದಾಗ ರಕ್ತದಲ್ಲಿ ಬಂದ ಆಮ್ಲಜನಕದಲ್ಲಿ ಸುಮಾರು ಕಾಲು ಭಾಗವನ್ನಷ್ಟೇ ತೆಗೆದುಕೊಳ್ಳುತ್ತವೆ. ದುಡಿಮೆ ಹೆಚ್ಚಾದರೆ ಅದೇ ರಕ್ತದಿಂದ ಇನ್ನಷ್ಟು ಹೀರಿಕೊಳ್ಳಲು ಅವಕ್ಕೆ ಜಾಗವಿದೆ. ಹೃದಯದ ಸ್ನಾಯುವಿಗೆ ಆ ಅನುಕೂಲವಿಲ್ಲ. ನಾವು ಕೂತಿದ್ದಾಗಲೂ ಅದು ಹತ್ತಿರಹತ್ತಿರ ಮುಕ್ಕಾಲು ಭಾಗ ಹೀರಿಬಿಟ್ಟಿರುತ್ತದೆ. ಕೆಲಸ ಹೆಚ್ಚಾದರೆ ಅದಕ್ಕೆ ಇರುವುದು ಒಂದೇ ದಾರಿ, ಹೆಚ್ಚು ರಕ್ತ ತರಿಸಿಕೊಳ್ಳುವುದು. ಆರೋಗ್ಯವಂತರಲ್ಲಿ ಹೃದಯದ ನಾಳಗಳು ಹಿಗ್ಗಿ ನಾಲ್ಕೈದು ಪಟ್ಟು ಹೆಚ್ಚು ರಕ್ತ ಬಿಡುತ್ತವೆ. ನಾಳದ ಒಳಗೋಡೆಗೆ ಕೊಬ್ಬು ಕಟ್ಟಿ ದಾರಿ ಕಿರಿದಾದವರಲ್ಲಿ, ಮುಂದಿನ ಸಣ್ಣಸಣ್ಣ ನಾಳಗಳು ಮೊದಲೇ ಹಿಗ್ಗಿಕೊಂಡು ಆ ಕೊರತೆಯನ್ನು ಮುಚ್ಚಿರುತ್ತವೆ. 1974ರಲ್ಲಿ ಅಮೆರಿಕದ ಲ್ಯಾನ್ಸ್ ಗೌಲ್ಡ್ ಮತ್ತು ಜೊತೆಗಾರರು ನಾಯಿಗಳ ಮೇಲೆ ನಡೆಸಿದ ಪ್ರಯೋಗ ಇದನ್ನು ಅಳೆದು ತೋರಿಸಿತು. ನಾಳ ಸುಮಾರು 85 ಪರ್ಸೆಂಟ್ ಕಿರಿದಾಗುವ ತನಕ ವಿಶ್ರಾಂತಿಯ ರಕ್ತಹರಿವು ಕಡಿಮೆಯೇ ಆಗಲಿಲ್ಲ. ಆದರೆ ಗರಿಷ್ಠ ಹರಿವು ಅದಕ್ಕೆ ಬಹಳ ಮೊದಲೇ ಕುಗ್ಗತೊಡಗಿತ್ತು.

ನಮ್ಮ ಭಾಗದವರಿಗೆ ಇದನ್ನು ಭದ್ರಾ ನಾಲೆ ಹಿಡಿದು ಹೇಳಿದರೆ ಸಾಕು. ಹೂಳು ತುಂಬಿದ ನಾಲೆಯಲ್ಲೂ ಮಳೆಗಾಲದಲ್ಲಿ ಕೊರತೆ ಯಾರ ಕಣ್ಣಿಗೂ ಬೀಳುವುದಿಲ್ಲ. ಬೇಸಿಗೆ ಭತ್ತಕ್ಕೆ ಎಲ್ಲರೂ ಒಟ್ಟಿಗೆ ನೀರು ಹಾಯಿಸುವ ಹೊತ್ತಿಗೆ ಕೊನೆಭಾಗದವರ ಗದ್ದೆ ಬಿರಿಯುತ್ತದೆ, ಆಗ ರಸ್ತೆಗೆ ಇಳಿಯುತ್ತಾರೆ. ಹೃದಯದ ಕೊನೆಭಾಗ ಬಿರಿಯುತ್ತದೋ ಇಲ್ಲವೋ ಅಂತ ಬೇಕೆಂದೇ ಬೇಡಿಕೆ ಏರಿಸಿ ನೋಡುವುದು ಈ ಪರೀಕ್ಷೆ.

ಬೇಡಿಕೆ ಏರಿಸುವುದಕ್ಕೆ ದಾರಿಗಳು ಹಲವು. ನಡೆಯಬಲ್ಲವರನ್ನು ಟ್ರೆಡ್‌ಮಿಲ್ ಮೇಲೆ ನಡೆಸುತ್ತಾರೆ. ಸಿಯಾಟಲ್‌ನ ರಾಬರ್ಟ್ ಬ್ರೂಸ್ ಎಂಬ ವೈದ್ಯರು 1960ರ ದಶಕದಲ್ಲಿ ಹಾಕಿಕೊಟ್ಟ ಕ್ರಮವೇ ಇಂದಿಗೂ ನಮ್ಮೂರ ಆಸ್ಪತ್ರೆಗಳಲ್ಲಿ ನಡೆಯುತ್ತಿರುವುದು. ಮೊದಲ ಮೂರು ನಿಮಿಷ ಗಂಟೆಗೆ 2.7 ಕಿಲೋಮೀಟರ್ ವೇಗ, 10 ಪರ್ಸೆಂಟ್ ಏರು. ಮುಂದೆ ಮೂರು ಮೂರು ನಿಮಿಷಕ್ಕೊಮ್ಮೆ ವೇಗವೂ ಏರುತ್ತದೆ, ಇಳಿಜಾರೂ ಕಡಿದಾಗುತ್ತದೆ. 220ರಿಂದ ವಯಸ್ಸು ಕಳೆದು ಬಂದದ್ದರಲ್ಲಿ 85 ಪರ್ಸೆಂಟ್ ಹೃದಯಬಡಿತ ಮುಟ್ಟಬೇಕು ಅನ್ನುವುದು ವಾಡಿಕೆಯ ಗುರಿ. ಮಂಡಿನೋವು, ಲಕ್ವ, ಉಸಿರಾಟದ ತೊಂದರೆ ಇದ್ದು ನಡೆಯಲಾಗದವರಿಗೆ ಔಷಧಿ ಏರಿಸಿ ಹೃದಯವನ್ನು ದುಡಿಸುತ್ತಾರೆ, ಇಲ್ಲವೇ ನಾಳಗಳನ್ನು ಹಿಗ್ಗಿಸುತ್ತಾರೆ. ನೋಡುವುದಕ್ಕೂ ಹಲವು ಕಣ್ಣುಗಳಿವೆ. ಬರೀ ಇಸಿಜಿ ನೋಡಿದರೆ ಅದು ನಮಗೆಲ್ಲ ಗೊತ್ತಿರುವ ಟಿಎಂಟಿ. ಶಬ್ದದ ಅಲೆಗಳಿಂದ ಹೃದಯದ ಚಿತ್ರ ತೆಗೆಯುವ ಎಕೋದಲ್ಲಿ ನೋಡಿದರೆ ಸ್ಟ್ರೆಸ್ ಎಕೋ. ರಕ್ತಕ್ಕೆ ವಿಕಿರಣ ಬೀರುವ ಔಷಧಿ ಬಿಟ್ಟು ಗಾಮಾ ಕ್ಯಾಮೆರಾದಲ್ಲಿ ನೋಡಿದರೆ, ಜನ ಇಂದಿಗೂ ಥಾಲಿಯಂ ಅನ್ನುವ ಸ್ಕ್ಯಾನ್.

ಈಗ ಚಿಕ್ಕಪ್ಪನ ವಿಷಯ. ವಯಸ್ಸು 48. ಚೌಕಿಪೇಟೆಯಲ್ಲಿ ಬಟ್ಟೆ ಅಂಗಡಿ. ಬೀಡಿ-ಸಿಗರೇಟು ಮುಟ್ಟಿದವರಲ್ಲ. ಶುಗರ್ ಇಲ್ಲ, ಬಿಪಿ ಇಲ್ಲ. ಸಂಜೆ ತಪ್ಪದೆ ಶಟಲ್ ಆಡುವವರು, ಒಂದು ದಿನಕ್ಕೂ ಎದೆ ಹಿಡಿದುಕೊಂಡು ಕೂತವರಲ್ಲ. ಸ್ನೇಹಿತರೊಬ್ಬರು ತೀರಿಕೊಂಡ ವಾರದಲ್ಲಿ, ರಿಯಾಯಿತಿ ದರದ ಹೃದಯ ತಪಾಸಣೆ ಪ್ಯಾಕೇಜ್ ಅಂತ ವಾಟ್ಸಾಪಿನಲ್ಲಿ ಬಂದದ್ದನ್ನು ನೋಡಿ ಹೋದರು. ಟಿಎಂಟಿ ಪಾಸಿಟಿವ್ ಬಂತು, ಅಂದರೆ ಫೇಲ್. "ಇವತ್ತೇ ಅಡ್ಮಿಟ್ ಆಗಿ, ನಾಳೆ ಆಂಜಿಯೋಗ್ರಾಂ ಮಾಡೋಣ" ಅಂದರಂತೆ. ಮನೆಗೆ ಬಂದು ಹೇಳಿ ಹೋಗುತ್ತೇನೆ ಅಂತ ಎದ್ದು ಬಂದವರು ಪಡಸಾಲೆಯಲ್ಲಿ ಕೂತು ಅತ್ತರು. ಅವರು ಅತ್ತದ್ದನ್ನು ನಾನು ಅಜ್ಜಿ ಹೋದ ದಿನ ಬಿಟ್ಟರೆ ಬೇರೆ ಯಾವತ್ತೂ ನೋಡಿರಲಿಲ್ಲ. ಚಿಕ್ಕಮ್ಮ ಆಗಲೇ ತವರಿಗೆ ಫೋನ್ ಮಾಡಿ ಆಗಿತ್ತು.

ಆ ರಿಪೋರ್ಟಿನ ಹಾಳೆಗಳನ್ನು ರಾತ್ರಿ ನಾನು ಮುಂದಿಟ್ಟುಕೊಂಡು ಓದಿದೆ. ಅವರು ನಡೆದದ್ದು 11 ನಿಮಿಷ. ಗುರಿಯ ಬಡಿತವಾದ 146ನ್ನು ದಾಟಿದ್ದಾರೆ. ಎದೆನೋವು ಇಲ್ಲ. ಏರಿನ ತುದಿಯಲ್ಲಿ ಇಸಿಜಿಯ ಎಸ್‌ಟಿ ಗೆರೆ, ಹೃದಯಕ್ಕೆ ರಕ್ತ ಸಾಲದಾದರೆ ತಗ್ಗುವ ಭಾಗ ಅದು, ಒಂದು ಮಿಲಿಮೀಟರ್ ತಗ್ಗಿದೆ, ನಿಂತ ಸ್ವಲ್ಪ ಹೊತ್ತಿಗೆ ಸರಿಹೋಗಿದೆ. ಆ ಒಂದು ಮಿಲಿಮೀಟರಿಗೆ 'ಪಾಸಿಟಿವ್' ಅನ್ನುವ ಮೊಹರು ಬಿದ್ದಿದೆ. ನಡೆದ 11 ನಿಮಿಷದ ಬಗ್ಗೆ ಯಾರೂ ಒಂದು ಮಾತೂ ಆಡಿಲ್ಲ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 1987ರಲ್ಲಿ ಪ್ರಕಟಿಸಿದ ಒಂದು ಲೆಕ್ಕವಿದೆ. ಬ್ರೂಸ್ ಕ್ರಮದಲ್ಲಿ ನಡೆದ ನಿಮಿಷಗಳಿಂದ, ಎಸ್‌ಟಿ ಎಷ್ಟು ಮಿಲಿಮೀಟರ್ ಬದಲಾಯಿತೋ ಅದರ ಐದು ಪಟ್ಟು ಕಳೆಯಬೇಕು. ನಡೆಯುವಾಗ ಎದೆನೋವು ಬಂದಿದ್ದರೆ ಇನ್ನೂ ನಾಲ್ಕು, ನೋವಿಗೇ ಪರೀಕ್ಷೆ ನಿಲ್ಲಿಸಿದ್ದರೆ ಎಂಟು ಕಳೆಯಬೇಕು. ಉಳಿದದ್ದು 5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಪಾಯ ಕಡಿಮೆ. ಮೈನಸ್ 11 ಅಥವಾ ಅದಕ್ಕೂ ಕೆಳಗಿದ್ದರೆ ಹೆಚ್ಚು. ಚಿಕ್ಕಪ್ಪನದು 11ರಲ್ಲಿ 5 ಕಳೆದರೆ 6. ಅವರಿಗೆ ಕಣ್ಣೀರು ತರಿಸಿದ ಅದೇ ಹಾಳೆಯಲ್ಲಿ ಸಮಾಧಾನವೂ ಅಚ್ಚಾಗಿತ್ತು.

ಇಲ್ಲಿ ನನ್ನ ಪಾಠದ ವಿಷಯ ಬರುತ್ತದೆ, ಓದುವವರು ಒಂದೆರಡು ನಿಮಿಷ ಸಹಿಸಿಕೊಳ್ಳಬೇಕು. 1989ರಲ್ಲಿ 147 ಅಧ್ಯಯನಗಳನ್ನು, 24 ಸಾವಿರಕ್ಕೂ ಹೆಚ್ಚು ರೋಗಿಗಳ ವಿವರವನ್ನು ಒಟ್ಟು ಹಾಕಿ ನೋಡಿದಾಗ ಬರೀ ಇಸಿಜಿ ನೋಡುವ ಇಂಥ ಪರೀಕ್ಷೆ ಕಾಯಿಲೆ ಇರುವ 100 ಜನರಲ್ಲಿ ಸರಾಸರಿ 68 ಜನರನ್ನು ಹಿಡಿದಿತ್ತು. ಕಾಯಿಲೆ ಇಲ್ಲದ 100 ಜನರಲ್ಲಿ 77 ಜನರಿಗೆ ಸರಿಯಾಗಿ 'ಇಲ್ಲ' ಅಂದಿತ್ತು. ಈಗ ಚಿಕ್ಕಪ್ಪನಂಥ, ಯಾವ ತೊಂದರೆಯೂ ಇಲ್ಲದ ಸಾವಿರ ಜನರನ್ನು ತೆಗೆದುಕೊಳ್ಳಿ. ಅವರಲ್ಲಿ 50 ಜನರಿಗೆ ನಾಳ ಕಟ್ಟಿದೆ ಅಂತಲೇ ಇಟ್ಟುಕೊಳ್ಳೋಣ. 50ರಲ್ಲಿ 34 ಜನ ಪಾಸಿಟಿವ್ ಬರುತ್ತಾರೆ. ಉಳಿದ 950 ಆರೋಗ್ಯವಂತರಲ್ಲಿ ಸುಮಾರು 218 ಜನರಿಗೂ ಪಾಸಿಟಿವ್ ಬರುತ್ತದೆ. ಪಾಸಿಟಿವ್ ಬಂದ ಒಟ್ಟು 252 ಜನರಲ್ಲಿ ನಿಜವಾದ ರೋಗಿಗಳು 34. ಏಳರಲ್ಲಿ ಆರು ಮನೆಗಳ ಪಡಸಾಲೆಯಲ್ಲಿ ಸುಮ್ಮನೆ ಕಣ್ಣೀರು.

ಅದೇ ಯಂತ್ರದ ಮೇಲೆ ಬೇರೆ ಸಾವಿರ ಜನರನ್ನು ನಿಲ್ಲಿಸಿ. ಶುಗರ್ ಇರುವವರು, ಏರು ಹತ್ತಿದರೆ ಎದೆ ಹಿಂಡುವವರು, ಅರ್ಧಕ್ಕರ್ಧ ಜನರಿಗೆ ಕಾಯಿಲೆ ಇದೆ ಅನ್ನೋಣ. ಈಗ ಪಾಸಿಟಿವ್ ಬಂದ 455 ಜನರಲ್ಲಿ 340 ಜನ ನಿಜವಾದ ರೋಗಿಗಳು. ಆದರೆ ಇದರ ಇನ್ನೊಂದು ಮಗ್ಗುಲು ನನ್ನನ್ನು ಹೆಚ್ಚು ಕಾಡುತ್ತದೆ. ನೆಗೆಟಿವ್ ಬಂದ 545 ಜನರಲ್ಲಿ 160 ಜನರಿಗೆ ಕಾಯಿಲೆ ಇದ್ದೇ ಇರುತ್ತದೆ. ಅವರೂ 'ಪಾಸಾತು' ಅಂತ ಸಂತೋಷವಾಗಿ ಮನೆಗೆ ಹೋಗುತ್ತಾರೆ. ಯಂತ್ರ ಅದೇ, ಕಾಗದ ಅದೇ. ಬದಲಾದದ್ದು ಹತ್ತಿದವರು. 1979ರಲ್ಲಿ ಡೈಮಂಡ್ ಮತ್ತು ಫಾರೆಸ್ಟರ್ ಎಂಬ ವೈದ್ಯರು ಹೇಳಿದ್ದು ಇದನ್ನೇ: ವಯಸ್ಸು, ಹೆಣ್ಣೋ ಗಂಡೋ, ನೋವಿನ ಬಗೆ, ಇಷ್ಟನ್ನು ತಿಳಿದರೆ ಪರೀಕ್ಷೆಗೆ ಮೊದಲೇ ಕಾಯಿಲೆಯ ಸಾಧ್ಯತೆ ಎಷ್ಟೆಂದು ಅಂದಾಜಿಸಬಹುದು, ಅದರ ಮೇಲೆ ಪರೀಕ್ಷೆಯ ಫಲಿತಾಂಶವನ್ನು ಕೂರಿಸಿ ಓದಬೇಕು.

ಚಿಕ್ಕಪ್ಪ ಬೇರೊಬ್ಬ ಡಾಕ್ಟರ ಹತ್ತಿರ ಹೋದರು. ಆ ಡಾಕ್ಟರು ಎಲ್ಲಕ್ಕಿಂತ ಮೊದಲು "ನಿಮಗೆ ಏನಾಗುತ್ತೆ?" ಅಂತ ಕೇಳಿದರು. "ಏನೂ ಆಗಲ್ಲ ಸಾರ್." ರಿಪೋರ್ಟ್ ನೋಡಿ, ಮನಸ್ಸಿನ ಸಮಾಧಾನಕ್ಕೆ ಒಂದು ಸ್ಟ್ರೆಸ್ ಎಕೋ ಮಾಡೋಣ ಅಂದರು. ಹೃದಯದ ಎಲ್ಲ ಗೋಡೆಗಳೂ ಚೆನ್ನಾಗಿ ಬಡಿದವು. ಅಷ್ಟಕ್ಕೆ ಮುಗಿಯಿತು. ಮುಗಿದರೂ ಮೂರು ತಿಂಗಳು ಅವರು ಶಟಲ್ ಬ್ಯಾಟ್ ಮುಟ್ಟಲಿಲ್ಲ.

ಅತ್ತೆಯದು ಇದಕ್ಕೆ ಪೂರ್ತಿ ತಿರುವು ಮುರುವು. ಚಿತ್ರದುರ್ಗದಲ್ಲಿ ಅವರ ಮನೆ, ವಯಸ್ಸು 64, ಬಹಳ ವರ್ಷದ ಶುಗರ್. ಮೊದಲೆಲ್ಲ ಕೋಟೆ ಹತ್ತಿ ಏಕನಾಥೇಶ್ವರಿಗೆ ಹಣ್ಣುಕಾಯಿ ಮಾಡಿಸಿ ಬರುತ್ತಿದ್ದವರು. ಬರಬರುತ್ತಾ ಬಾಗಿಲ ಹತ್ತಿರದ ಕಲ್ಲಿನ ಮೇಲೆ ಕೂತು ಬುಟ್ಟಿ ನಮ್ಮ ಕೈಗೆ ಕೊಟ್ಟು "ನೀವು ಹೋಗಿ ಬರ್ರವ್ವ" ಅನ್ನತೊಡಗಿದರು. ಮಂಡಿ ಅಂದುಕೊಂಡೆವು. ಮಂಡಿಯೂ ಹೌದು. ಮಂಡಿನೋವಿನಿಂದ ನಡಿಗೆ ಕಡಿಮೆಯಾದವರ ಹೃದಯಕ್ಕೆ ಬೇಡಿಕೆಯೇ ಏರುವುದಿಲ್ಲ, ಹಾಗಾಗಿ ಅದು ದೂರು ಕೊಡುವುದೂ ಅಪರೂಪ. ಊಟವಾದ ಮೇಲೆ ನೀರಿನ ಕೊಡ ಹೊತ್ತು ಮೆಟ್ಟಿಲು ಹತ್ತಿದರೆ ಮಾತ್ರ ಏನೋ ಆಗುತ್ತಿತ್ತು. "ಏನೈತವ್ವ ನಂಗೆ, ಗ್ಯಾಸ್ಟ್ರಿಕ್ ಅಷ್ಟೆ. ಒಂದು ಸೋಡಾ ಕುಡಿದ್ರೆ ತೇಗು ಬಂದು ಹಗುರಾಗ್ತೈತೆ" ಅನ್ನುವರು. ಒಮ್ಮೆ ತೋರಿಸಿದೆವು. ಮಲಗಿಸಿ ತೆಗೆದ ಇಸಿಜಿ ನಾರ್ಮಲ್, ಮಲಗಿಸಿ ಮಾಡಿದ ಎಕೋ ನಾರ್ಮಲ್. "ಎದೆ ನೋವಾ ಅಮ್ಮ?" "ಇಲ್ಲಪ್ಪ." ಗ್ಯಾಸ್ಟ್ರಿಕ್ ಮಾತ್ರೆ ಬರೆದುಕೊಟ್ಟರು.

ನಮ್ಮ ಹೆಣ್ಣುಮಕ್ಕಳಿಗೆ ಎದೆನೋವು ಅಂದರೆ ಚುಚ್ಚಬೇಕು, ಬಿದ್ದು ಹೊರಳಾಡುವಷ್ಟು ಆಗಬೇಕು. ಅದಕ್ಕಿಂತ ಕಡಿಮೆಯದ್ದೆಲ್ಲ ಸುಸ್ತು, ಉಬ್ಬಸ, ಹೊಟ್ಟೆ ಉರಿ. ಮನೆಯವರ ಊಟ ಆಗುವ ತನಕ ತಮ್ಮ ಮೈಯಿಗೆ ಏನಾಗಿದೆ ಅಂತ ಹೇಳಿಕೊಳ್ಳಲು ಅವರಿಗೆ ಪುರುಸೊತ್ತೂ ಇರುವುದಿಲ್ಲ. ಶುಗರ್ ಹಳೆಯದಾದವರಲ್ಲಿ ನರಗಳೇ ಮಂಕಾಗಿ ನೋವು ಸರಿಯಾಗಿ ಗೊತ್ತಾಗದೆ ಇರಬಹುದು. ಇದನ್ನೆಲ್ಲ ಬಲ್ಲ ಡಾಕ್ಟರೊಬ್ಬರು ಕೊನೆಗೆ ದಾವಣಗೆರೆಯಲ್ಲಿ ನಮಗೆ ಸಿಕ್ಕರು, ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನೋವಿನ ಮಾತೇ ಎತ್ತದೆ ಅವರು ಕೇಳಿದ್ದು, "ಅಮ್ಮ, ಯಾವ ಕೆಲಸ ಮಾಡುವಾಗ ನಡುವೆ ನಿಂತುಬಿಡ್ತೀರಿ?"

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂಗೈಯನ್ನು ಎದೆಯ ನಡುವೆ ಇಟ್ಟರು. "ಮೆಟ್ಲು ಹತ್ತುವಾಗ. ಇಲ್ಲಿ ಹಿಂಡಿದಂಗಾಗುತ್ತೆ, ದವಡೆಗೆ ಬರ್ತೈತೆ. ಕುಂತ್ರೆ ಹೋಗುತ್ತೆ."

ಎದೆಯ ನಡುವೆ ಹಿಂಡುವುದು, ಶ್ರಮಕ್ಕೆ ಬರುವುದು, ಕೂತರೆ ಐದು ನಿಮಿಷದೊಳಗೆ ಹೋಗುವುದು. ಆಂಜೈನಾ, ಅಂದರೆ ಹೃದಯಕ್ಕೆ ರಕ್ತ ಸಾಲದೆ ಬರುವ ನೋವನ್ನು ಗುರುತಿಸಲು ವೈದ್ಯರು ಹುಡುಕುವ ಲಕ್ಷಣಗಳು ಇವೇ ಮೂರು. ಮೂರೂ ಇದ್ದವು. ಇಷ್ಟು ದಿನ ಅವು ಅತ್ತೆಯ ಬಾಯಲ್ಲೇ ಇದ್ದವು, ಯಾರೂ ಹೀಗೆ ಕೇಳಿರಲಿಲ್ಲ. ಯಾವ ಸ್ಕ್ಯಾನೂ ಆಗುವ ಮೊದಲೇ, ಆ ಒಂದು ಪ್ರಶ್ನೆಯಿಂದ ಅತ್ತೆಯ ಲೆಕ್ಕ ಚಿಕ್ಕಪ್ಪನ ಸಾವಿರ ಜನರ ಗುಂಪಿನಿಂದ ಇನ್ನೊಂದು ಸಾವಿರದ ಗುಂಪಿಗೆ ಬಂತು.

ಮಂಡಿ ಕಾರಣಕ್ಕೆ ಟ್ರೆಡ್‌ಮಿಲ್ ಆಗದು. ಡೊಬ್ಯುಟಮಿನ್ ಎಂಬ ಔಷಧಿಯಿಂದ ಹೃದಯವನ್ನು ದುಡಿಸಿ ನೋಡುವ ಸ್ಟ್ರೆಸ್ ಎಕೋ ಅಂತ ತೀರ್ಮಾನವಾಯಿತು. ಒಬ್ಬರೇ ಒಳಗೆ ಹೋಗಲು ಅತ್ತೆ ಒಪ್ಪದ್ದರಿಂದ ನನ್ನನ್ನೂ ಬಿಟ್ಟರು. ಎಸಿಯ ಚಳಿ, ಅರೆಗತ್ತಲ ಕೋಣೆ. ಎಡ ಮಗ್ಗುಲಿಗೆ ಮಲಗಿಸಿ, ಎಡಗೈಯನ್ನು ತಲೆಯ ಕೆಳಗೆ ಇಡಿಸಿದರು. ಜೆಲ್ ತಣ್ಣಗೆ ತಾಗಿದಾಗ ಅತ್ತೆ "ಶಿವಶಿವಾ" ಅಂದರು. ಬಲಗೈಯ ಸೂಜಿಗೆ ಪಂಪಿನಿಂದ ಔಷಧಿ. ತೂಕದ ಪ್ರತಿ ಕಿಲೋಗೆ ನಿಮಿಷಕ್ಕೆ 5 ಮೈಕ್ರೋಗ್ರಾಂನಿಂದ ಶುರು ಮಾಡಿ, ಮೂರು ನಿಮಿಷಕ್ಕೊಮ್ಮೆ 10, 20, 30, ಬೇಕಾದರೆ 40ಕ್ಕೆ ಏರಿಸುತ್ತಾರೆ. ಆಗಲೂ ಬಡಿತ ಗುರಿ ಮುಟ್ಟದಿದ್ದರೆ ಅಟ್ರೋಪಿನ್ ಕೊಡುತ್ತಾರೆ. ಅತ್ತೆಗೆ ಮುಟ್ಟಬೇಕಿದ್ದದ್ದು ಸುಮಾರು 133. ಸಿಸ್ಟರ್ ತೋಳಿಗೆ ಬಿಪಿ ಪಟ್ಟಿ ಸುತ್ತಿ ಪ್ರತಿ ಹಂತದಲ್ಲೂ ಕೂಗಿ ಹೇಳುತ್ತಿದ್ದರು.

ಪರದೆಯ ಮೇಲೆ ನಾಲ್ಕು ಚೌಕಗಳು. ಒಂದೇ ಕೋನದಿಂದ ತೆಗೆದ ಹೃದಯದ ಒಂದೊಂದು ಬಡಿತ, ವಿಶ್ರಾಂತಿಯದ್ದು, ಕಡಿಮೆ ಔಷಧಿಯದ್ದು, ಹೆಚ್ಚಿನದ್ದು, ಹೀಗೆ ಪಕ್ಕಪಕ್ಕ ಇಟ್ಟು ಮತ್ತೆ ಮತ್ತೆ ಆಡಿಸುತ್ತಾರೆ. ಡಾಕ್ಟರು ಬೆರಳಿಟ್ಟು ತೋರಿಸಿದ ಮೇಲೆ ನನ್ನಂಥವಳಿಗೂ ಕಂಡಿತು. ಆರೋಗ್ಯವಾದ ಗೋಡೆ ಪ್ರತಿ ಬಡಿತಕ್ಕೂ ಒಳಕ್ಕೆ ಬರುತ್ತದೆ, ಬರುವಾಗ ದಪ್ಪವಾಗುತ್ತದೆ. ಮೊದಲೆರಡು ಚೌಕಗಳಲ್ಲಿ ಎಲ್ಲ ಗೋಡೆಗಳೂ ಹಾಗೇ ಇದ್ದವು. 30ಕ್ಕೆ ಏರಿಸಿದಾಗ, ಬಡಿತ ಇನ್ನೂ 118ರಲ್ಲಿತ್ತು, ಮುಂಭಾಗದ ಗೋಡೆ ಮತ್ತು ತುದಿ ತಡೆದು ನಿಂತವು. ಉಳಿದದ್ದೆಲ್ಲ ಮುಷ್ಟಿ ಬಿಗಿಯುತ್ತಿದ್ದರೆ ಆ ಭಾಗ ದಪ್ಪವಾಗದೆ ಹಾಗೇ ಅಲುಗಾಡುತ್ತಿತ್ತು. ಇಸಿಜಿಯಲ್ಲಿ ಆಗಿನ್ನೂ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಅತ್ತೆಯೂ ಸುಮ್ಮನಿದ್ದರು. ಅರ್ಧ ನಿಮಿಷ ಕಳೆದಿರಬೇಕು, ಅತ್ತೆ ನನ್ನ ಕೈ ಹಿಡಿದು "ಬಂತು ನೋಡವ್ವ, ಅದೇ ಬಂತು" ಅಂದರು. ಡಾಕ್ಟರು ಆಗಲೇ ಪಂಪ್ ನಿಲ್ಲಿಸಿ ಬಡಿತ ಇಳಿಸುವ ಇಂಜೆಕ್ಷನ್ ಕೇಳಿದ್ದರು. ಕೆಲವು ನಿಮಿಷಗಳಲ್ಲಿ ಗೋಡೆ ಮತ್ತೆ ಬಡಿಯತೊಡಗಿತು.

ಆ ಕೋಣೆಯಲ್ಲಿ ಕಂಡ ಅನುಕ್ರಮಕ್ಕೆ ವೈದ್ಯಶಾಸ್ತ್ರದಲ್ಲಿ ಕಾರಣವಿದೆ. ರಕ್ತ ಸಾಲದಾದಾಗ ಮೊದಲು ಒಂದು ಭಾಗಕ್ಕೆ ಹರಿವು ಕಡಿಮೆಯಾಗುತ್ತದೆ. ನಂತರ ಆ ಸ್ನಾಯು ಸಡಿಲಗೊಳ್ಳುವುದರಲ್ಲಿ ಸೋಲುತ್ತದೆ, ಆಮೇಲೆ ಹಿಂಡುವುದರಲ್ಲಿ ಸೋಲುತ್ತದೆ. ಅದಾದ ಮೇಲೆ ಇಸಿಜಿ ಬದಲಾಗುತ್ತದೆ. ನೋವು ಬರುವುದು ಕಟ್ಟಕಡೆಗೆ, ಕೆಲವರಿಗೆ ಬರುವುದೇ ಇಲ್ಲ. ಚಿತ್ರ ತೆಗೆಯುವ ಪರೀಕ್ಷೆಗಳು ಬರೀ ಇಸಿಜಿಗಿಂತ ಮೇಲು ಅನ್ನುವುದಕ್ಕೆ ಇದೇ ಆಧಾರ, ಅವು ಈ ಸಾಲಿನ ಮೊದಮೊದಲ ಮೆಟ್ಟಿಲುಗಳಲ್ಲೇ ಕಾಯುತ್ತವೆ. ಸ್ಟ್ರೆಸ್ ಎಕೋ ಹಿಡಿಯುವುದರಲ್ಲೂ ಬಿಡುವುದರಲ್ಲೂ ನೂರಕ್ಕೆ 80ರ ಆಸುಪಾಸಿನಲ್ಲಿ ಸರಿ ಇರುತ್ತದೆ. ಜೊತೆಗೆ ಯಾವ ಗೋಡೆ, ಎಷ್ಟು ದೊಡ್ಡ ಭಾಗ ಅಂತಲೂ ಹೇಳುತ್ತದೆ. ವಿಕಿರಣವಿಲ್ಲ. ಆದರೆ ನೋಡುವ ಕಣ್ಣು ಪಳಗಿರಬೇಕು. ದಪ್ಪ ಮೈಯವರಲ್ಲಿ, ಶ್ವಾಸಕೋಶದ ಕಾಯಿಲೆ ಇರುವವರಲ್ಲಿ ಚಿತ್ರ ಮಸುಕಾಗುತ್ತದೆ.

ನ್ಯೂಕ್ಲಿಯರ್ ಸ್ಕ್ಯಾನ್ ನೋಡುವುದು ಸಾಲಿನ ಮೊದಲ ಮೆಟ್ಟಿಲನ್ನೇ, ಅಂದರೆ ರಕ್ತ ಹಂಚಿಕೆಯನ್ನು. ಹೆಸರಿಗೆ ಥಾಲಿಯಂ ಅಂದರೂ ಈಗ ಹೆಚ್ಚಾಗಿ ಬಳಸುವುದು ಟೆಕ್ನೀಷಿಯಂ-99ಎಂ. ಅದು ಆರೇ ಗಂಟೆಯಲ್ಲಿ ಅರ್ಧವಾಗುತ್ತದೆ. ಅದನ್ನು ಹುಟ್ಟಿಸುವ ಮಾಲಿಬ್ಡಿನಂ ಕೂಡ 66 ಗಂಟೆಯಲ್ಲಿ ಅರ್ಧವಾಗುವಂಥದ್ದು, ಕೂಡಿಡುವ ಹಾಗಿಲ್ಲ, ಮೇಲಿಂದ ಮೇಲೆ ತರಿಸುತ್ತಿರಬೇಕು. ಈ ಸ್ಕ್ಯಾನ್ ಊರೂರಿಗೆ ಬಾರದಿರುವುದಕ್ಕೆ ಇದೂ ಒಂದು ಕಾರಣ. ವಿಶ್ರಾಂತಿಯದ್ದು, ದುಡಿಸಿದ್ದು, ಎರಡೂ ಹಂತ ಸೇರಿ ಮೈಗೆ ತಗಲುವ ವಿಕಿರಣ ಸುಮಾರು 10 ಮಿಲಿಸೀವರ್ಟ್, ಮಣ್ಣು-ಆಕಾಶದಿಂದ ನಮಗೆ ಸಹಜವಾಗಿ ನಾಲ್ಕು ವರ್ಷದಲ್ಲಿ ಸಿಗುವಷ್ಟು. ನಾಳ ಹಿಗ್ಗಿಸುವ ಔಷಧಿ ಕೊಟ್ಟು ಮಾಡುವುದಾದರೆ ಕಾಫಿ-ಟೀ ಮೊದಲೇ ಬಿಡಬೇಕು, ಕೆಫೀನ್ ಆ ಔಷಧಿಗೆ ಅಡ್ಡ ನಿಲ್ಲುತ್ತದೆ. ಎಷ್ಟು ಗಂಟೆ ಅಂತ ಆಸ್ಪತ್ರೆಯವರು ಹೇಳುತ್ತಾರೆ, ನಮ್ಮವರು "ಅರ್ಧ ಲೋಟ ಅಷ್ಟೆ" ಅಂತ ಕುಡಿದು ಹೋಗಿಬಿಡುತ್ತಾರೆ. ಉಬ್ಬಸ ಇರುವವರು ಅದನ್ನು ಮುಂಚೆಯೇ ಹೇಳಬೇಕು. ಬಡಿತ ಇಳಿಸುವ ಮಾತ್ರೆ ನುಂಗುವವರು ಅದನ್ನು ನಿಲ್ಲಿಸಬೇಕೋ ಬೇಡವೋ ಅಂತ ಕೇಳಬೇಕು, ತಾವಾಗಿಯೇ ನಿಲ್ಲಿಸಬಾರದು.

ಅತ್ತೆಯ ರಿಪೋರ್ಟ್ ಬಂದ ಸಂಜೆಯೇ ಚಿಕ್ಕಪ್ಪ "ಅಕ್ಕನಿಗೆ ನಾಳೆನೇ ಸ್ಟೆಂಟ್ ಹಾಕಿಸಿಬಿಡೋಣ, ದುಡ್ಡು ನಾನು ಹೊಂದಿಸ್ತೀನಿ" ಅಂದರು. ಡಾಕ್ಟರು ತಡೆದರು. 2020ರಲ್ಲಿ ಇಸ್ಕೀಮಿಯಾ ಎಂಬ ದೊಡ್ಡ ಅಧ್ಯಯನ ಪ್ರಕಟವಾಯಿತು. 37 ದೇಶಗಳ 5179 ರೋಗಿಗಳು. ಎಲ್ಲರೂ ಇಂಥ ಒತ್ತಡ ಪರೀಕ್ಷೆಯಲ್ಲಿ ಮಧ್ಯಮ ಅಥವಾ ತೀವ್ರ ಕೊರತೆ ಕಂಡಿದ್ದವರು, ಆದರೆ ಸ್ಥಿರವಾಗಿದ್ದವರು. ಅರ್ಧ ಜನರಿಗೆ ಮೊದಲೇ ಆಂಜಿಯೋಗ್ರಾಂ ಮಾಡಿ ಸ್ಟೆಂಟೋ ಬೈಪಾಸೋ ಮಾಡಿದರು. ಉಳಿದರ್ಧಕ್ಕೆ ಒಳ್ಳೆಯ ಔಷಧಿ ಕೊಟ್ಟು, ಅದು ಸಾಲದಾದರೆ ಮಾತ್ರ ಮುಂದಿನ ಹೆಜ್ಜೆ. ಸರಾಸರಿ ಮೂರು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದಾಗ ಸಾವು, ಹೃದಯಾಘಾತಗಳನ್ನೆಲ್ಲ ಸೇರಿಸಿದ ಲೆಕ್ಕದಲ್ಲಿ ಎರಡೂ ಗುಂಪುಗಳ ನಡುವೆ ಖಚಿತ ವ್ಯತ್ಯಾಸ ಕಾಣಲಿಲ್ಲ. ಎದೆನೋವು ಇದ್ದವರಿಗೆ ಮಾತ್ರ ಸ್ಟೆಂಟಿನಿಂದ ಹೆಚ್ಚು ಆರಾಮವಾಯಿತು. ಎಡ ಮುಖ್ಯನಾಳ ಕಟ್ಟಿದವರನ್ನು ಆ ಅಧ್ಯಯನದಿಂದ ಹೊರಗಿಟ್ಟಿದ್ದರು, ಹಾಗಾಗಿ ಅತ್ತೆಗೆ ಮೊದಲು ಸಿಟಿ ಸ್ಕ್ಯಾನ್ ಮಾಡಿ ಆ ನಾಳ ಸರಿಯಿದೆ ಅಂತ ಖಾತ್ರಿ ಮಾಡಿಕೊಂಡರು. ಆಸ್ಪಿರಿನ್, ಕೊಬ್ಬು ಇಳಿಸುವ ಸ್ಟಾಟಿನ್, ಬಡಿತ ಇಳಿಸುವ ಮಾತ್ರೆ, ನಾಲಿಗೆ ಕೆಳಗೆ ಇಡುವ ಮಾತ್ರೆ ಶುರುವಾದವು. ಸ್ವಲ್ಪ ಸುಧಾರಿಸಿತು, ಆದರೂ ಮೆಟ್ಟಿಲ ನಡುವೆ ನಿಲ್ಲುವುದು ತಪ್ಪಲಿಲ್ಲ. ಆಮೇಲೆ ಆಂಜಿಯೋಗ್ರಾಂ, ಮುಂಭಾಗದ ನಾಳಕ್ಕೆ ಒಂದು ಸ್ಟೆಂಟ್. ಎಕೋದಲ್ಲಿ ತಡೆದು ನಿಂತ ಅದೇ ಗೋಡೆಯ ನಾಳ.

ಇನ್ನೊಂದನ್ನು ಹೇಳದೆ ಇರಲಾರೆ. ಹೃದಯಾಘಾತ ಬಹಳ ಸಲ ಆಗುವುದು ಅರ್ಧದಷ್ಟೂ ಮುಚ್ಚಿರದ ಕಡೆಯ ಕೊಬ್ಬಿನ ಗಂಟು ಥಟ್ಟನೆ ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿದಾಗ. ಅಂಥ ಗಂಟು ಹರಿವಿಗೆ ಅಡ್ಡಿ ಮಾಡಿರುವುದಿಲ್ಲ, ಹಾಗಾಗಿ ಯಾವ ಒತ್ತಡ ಪರೀಕ್ಷೆಗೂ ಸಿಗುವುದಿಲ್ಲ. ನಾರ್ಮಲ್ ಬಂದವರ ಅಪಾಯ ಕಡಿಮೆ ಅನ್ನುವುದು ನಿಜ, ಇಲ್ಲವೇ ಇಲ್ಲ ಅನ್ನುವುದು ಸುಳ್ಳು. 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಆದ ನಡುವಯಸ್ಸು 53, ಉಳಿದವರಿಗೆ ಸುಮಾರು 59. ತಂಬಾಕು, ಶುಗರ್, ಬಿಪಿ, ಕೊಬ್ಬು, ಹೊಟ್ಟೆಯ ಬೊಜ್ಜು, ಇವೇ ಅಲ್ಲಿಯ ದೊಡ್ಡ ಕಾರಣಗಳು. ಟಿಎಂಟಿ ಪಾಸಾದ ಸಂಭ್ರಮಕ್ಕೆ ಮತ್ತೆ ಗುಟ್ಕಾ ಪ್ಯಾಕೆಟ್ ಹರಿಯುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಕೂತಲ್ಲೇ ಎದೆ ಹಿಂಡಿ, ಬೆವರು ಬಂದು, ಹತ್ತು-ಹದಿನೈದು ನಿಮಿಷವಾದರೂ ಇಳಿಯದಿದ್ದರೆ ಅದು ಟಿಎಂಟಿಗೆ ನಂಬರ್ ಹಚ್ಚುವ ಹೊತ್ತಲ್ಲ. ತಕ್ಷಣ ಹತ್ತಿರದ ಆಸ್ಪತ್ರೆಗೆ ಹೋಗಿ ಇಸಿಜಿ ತೆಗೆಸಬೇಕು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲೇ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವ ಏರ್ಪಾಡಿದೆ.

ಸ್ಟೆಂಟ್ ಹಾಕಿ ವರ್ಷವಾದಾಗ ಚಿಕ್ಕಪ್ಪ ಮತ್ತೆ ಶುರು ಮಾಡಿದರು, ಅಕ್ಕನಿಗೆ ವರ್ಷಕ್ಕೊಮ್ಮೆ ಸ್ಟ್ರೆಸ್ ಪರೀಕ್ಷೆ ಮಾಡಿಸಲೇಬೇಕು ಅಂತ. ಪ್ರೀತಿಯ ಮಾತದು. ಡಾಕ್ಟರು ಒಪ್ಪಲಿಲ್ಲ. ದಕ್ಷಿಣ ಕೊರಿಯಾದಲ್ಲಿ ಅಪಾಯ ಹೆಚ್ಚಿದ್ದ, ಸ್ಟೆಂಟ್‌ನಂಥ ಚಿಕಿತ್ಸೆ ಆದ 1706 ಜನರಲ್ಲಿ ಇದನ್ನೇ ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದ್ದಾರೆ. ವರ್ಷಕ್ಕೆ ಸರಿಯಾಗಿ ಒತ್ತಡ ಪರೀಕ್ಷೆ ಮಾಡಿಸಿಕೊಂಡವರಿಗೂ, ತೊಂದರೆ ಬಂದರೆ ಮಾತ್ರ ಮಾಡಿಸಿಕೊಂಡವರಿಗೂ ಎರಡು ವರ್ಷದ ಕೊನೆಗೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅದರ ಬದಲು ಡಾಕ್ಟರು ಅತ್ತೆಯ ಮೂರು ತಿಂಗಳ ಶುಗರ್ ನೋಡಿದರು, ಕೆಟ್ಟ ಕೊಬ್ಬು ಅನ್ನುವ ಎಲ್‌ಡಿಎಲ್ 70ಕ್ಕಿಂತ ಕೆಳಗಿಳಿದಿದೆಯಾ ಅಂತ ನೋಡಿದರು, ಬಿಪಿ ನೋಡಿದರು, ಮಾತ್ರೆ ಬಿಟ್ಟಿದ್ದೀರಾ ಅಂತ ವಿಚಾರಿಸಿದರು. ಕೊನೆಗೆ ಮತ್ತದೇ ಪ್ರಶ್ನೆ, ಯಾವ ಕೆಲಸದಲ್ಲಿ ನಿಂತುಬಿಡ್ತೀರಿ? "ಎಲ್ಲೂ ಇಲ್ಲಮ್ಮ, ಮಂಡಿ ಒಂದು ಬಿಟ್ರೆ" ಅಂದರು ಅತ್ತೆ. ಆರು ತಿಂಗಳು ಬಿಟ್ಟು ಬನ್ನಿ ಅಂತ ಚೀಟಿ ಬರೆದು, ಮಂಡಿಗೆ ಮೂಳೆ ಡಾಕ್ಟರ ಹೆಸರು ಹೇಳಿ ಕಳಿಸಿದರು.